ಉಳ್ಳಾಗಡ್ಡಿ ಮೇಯ್ದ ಆಕಳು

"ಸಾಹೇಬ್ರ, ಆಕಳ ಕೆಂಪ ಉಚ್ಚಿ ಹೊಯ್ಯಾಕತ್ತೈತ್ರಿ. ನಿನ್ನಿಯಿಂದ ಮೇವ ಮುಟ್ಟಿಲ್ರಿ."

ನವಲಗುಂದ ತಾಲೂಕಿನ ಹಳ್ಳಿಯೊಂದರಿಂದ ಬಂದ ರೈತ ನಮ್ಮ ಪಶು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು ಹೇಳಿದ ಮಾತು. ನಾನು ನೌಕರಿಗೆ ಸೇರಿ ಆಗ ಮೂರು ವರ್ಷ. ಕೆಂಪು ಮೂತ್ರ ಎಂದ ಕೂಡಲೇ ನಮ್ಮ ಕಡೆಯ ದನದ ಡಾಕ್ಟರನ ತಲೆಗೆ ಮೊದಲು ಬರುವುದು ಉಣ್ಣಿ ಜ್ವರ. ಉಣ್ಣಿ ಕಚ್ಚಿದಾಗ ರಕ್ತಕ್ಕಿಳಿಯುವ ಬಬೇಸಿಯಾ ಎಂಬ ಸೂಕ್ಷ್ಮಜೀವಿ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ, ಒಡೆದ ಕಣಗಳ ಬಣ್ಣ ಮೂತ್ರದಲ್ಲಿ ಇಳಿಯುತ್ತದೆ. ಹೋಗಿ ನೋಡಿದೆ. ಮೂತ್ರ ಡಿಕಾಕ್ಷನ್ ಬಣ್ಣಕ್ಕಿತ್ತು. ಥರ್ಮಾಮೀಟರ್ ಇಟ್ಟರೆ 101 ಡಿಗ್ರಿ. ಆಕಳಿಗೆ ಅದು ಜ್ವರವೇ ಅಲ್ಲ. ಉಣ್ಣಿ ಜ್ವರವಾಗಿದ್ದರೆ 105 ದಾಟಿರಬೇಕಿತ್ತು. ಅಲ್ಲೇ ಒಂದು ಗಳಿಗೆ ನಿಂತು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಉಣ್ಣಿ ಜ್ವರದ ಇಂಜೆಕ್ಷನ್ ಕೊಟ್ಟು, ಕಿವಿಯ ತುದಿಯಿಂದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಎಳೆದುಕೊಂಡು ಬಂದೆ.

ಮರುದಿನ ಮುಂಜಾನೆ ಅದೇ ರೈತ ಮತ್ತೆ ಬಂದ. ಅದೇ ಕೊಟ್ಟಿಗೆಯ ಇನ್ನೊಂದು ಆಕಳು, ಐದು ತಿಂಗಳ ಗಬ್ಬದ್ದು, ರಾತ್ರಿಯೇ ಸತ್ತಿತ್ತು.

ಈ ಸಲ ಕೊಟ್ಟಿಗೆಗೆ ಕಾಲಿಟ್ಟು ಉಳಿದ ಆಕಳ ಮೂತಿಯ ಹತ್ತಿರ ಬಗ್ಗಿದಾಗ ಉಸಿರಿನಲ್ಲೇ ವಾಸನೆ ಬಂತು. ಉಳ್ಳಾಗಡ್ಡಿ. ಹಿತ್ತಲಿಗೆ ಹೋದರೆ ಆಳೆತ್ತರದ ರಾಶಿ, ಅಡಿಯಲ್ಲಿ ಕೊಳೆತು ನೀರು ಸೋರುತ್ತಿತ್ತು. ಆ ವರ್ಷ ಗಡ್ಡೆ ಕೀಳುವ ಹೊತ್ತಿಗೆ ಮಳೆ ಹಿಡಿದಿತ್ತು. ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಗೆ ಒಯ್ದರೆ ಗಾಡಿ ಬಾಡಿಗೆಯೂ ಹುಟ್ಟದಂತೆ ದರ ಬಿದ್ದಿತ್ತು. "ಕೊಳ್ಯಾಕ ಬಿಡೂದಕ್ಕಿಂತ ದನಾನರ ತಿನ್ಲಿ ಅಂತ ನಾಕೈದ ದಿನದಿಂದ ಬುಟ್ಟಿಗಟ್ಟಲೆ ಹಾಕಾಕತ್ತೇವ್ರಿ" ಎಂದಳು ಮನೆಯ ಯಜಮಾನತಿ. ಅವಳ ಮಾತಿನಲ್ಲಿ ತಪ್ಪು ಏನಿತ್ತು? ತಾವು ದಿನಾ ಉಣ್ಣುವುದನ್ನೇ ದನಕ್ಕೂ ಹಾಕಿದ್ದರು.

ಆಸ್ಪತ್ರೆಗೆ ಮರಳಿ, ಹಿಂದಿನ ದಿನ ತಂದಿದ್ದ ರಕ್ತದ ಪಟ್ಟಿಗೆ ನೀಲಿ ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಬಬೇಸಿಯಾ ಇದ್ದರೆ ಕಣದ ಒಳಗೆ ಜೋಡಿ ಪೇರಲ ಹಣ್ಣಿನಂತೆ ಕಾಣಬೇಕು. ಒಂದೂ ಇರಲಿಲ್ಲ. ಬದಲಿಗೆ ಬಹುತೇಕ ಪ್ರತಿ ಕೆಂಪುಕಣದ ಅಂಚಿನಲ್ಲೂ ಒಂದೊಂದು ದುಂಡನೆಯ ಕಡುನೀಲಿ ಚುಕ್ಕೆ, ಸಜ್ಜಿ ರೊಟ್ಟಿಯ ಅಂಚಿಗೆ ಅಂಟಿದ ಕರಿ ಎಳ್ಳಿನ ಹಾಗೆ. ಕಾಲೇಜಿನ ಪುಸ್ತಕದಲ್ಲಿ ಚಿತ್ರ ನೋಡಿದ್ದೆ, ಹೆಸರು ಬಾಯಿಪಾಠ ಮಾಡಿದ್ದೆ: ಹೈನ್ಜ್ ಕಾಯಗಳು. ರಾಬರ್ಟ್ ಹೈನ್ಜ್ ಎಂಬ ಜರ್ಮನ್ ವೈದ್ಯ 1890ರಲ್ಲಿ ಇವನ್ನು ಮೊದಲು ವಿವರಿಸಿದ. ಕಣ್ಣಾರೆ ಕಂಡದ್ದು ಅವತ್ತೇ.

ಆಂಟಿಆಕ್ಸಿಡೆಂಟ್ ಎಂಬ ಮಾತು ಈಗ ಚಹಾ ಪೊಟ್ಟಣದಿಂದ ಹಿಡಿದು ಮುಖಕ್ಕೆ ಹಚ್ಚುವ ಕ್ರೀಮಿನ ತನಕ ಎಲ್ಲ ಕಡೆ ಇದೆ. ಉಳ್ಳಾಗಡ್ಡಿಯಲ್ಲೂ ಆಂಟಿಆಕ್ಸಿಡೆಂಟ್ ಹೇರಳ ಎಂದು ಆರೋಗ್ಯ ಪುಟಗಳಲ್ಲಿ ಓದುತ್ತೇವೆ, ಅದು ಸುಳ್ಳೂ ಅಲ್ಲ. ಅದೇ ಉಳ್ಳಾಗಡ್ಡಿ ಆ ಕೊಟ್ಟಿಗೆಯ ಒಂದು ಆಕಳ ರಕ್ತವನ್ನು ಸುಟ್ಟು ಕೊಂದಿತು. ಸುಟ್ಟಿತು ಎಂಬ ಮಾತನ್ನು ಅಲಂಕಾರಕ್ಕೆ ಬಳಸಿಲ್ಲ. ನಡೆದದ್ದು ಉತ್ಕರ್ಷಣವೇ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡದೆ ಆಂಟಿಆಕ್ಸಿಡೆಂಟ್ ಅರ್ಥವಾಗುವುದಿಲ್ಲ ಎಂಬುದು ಮೂವತ್ತು ವರ್ಷ ದನದ ಹಿಂದೆ ತಿರುಗಿದ ನನ್ನ ಖಚಿತ ಅಭಿಪ್ರಾಯ.

ಕಬ್ಬಿಣದ ಕುಡಗೋಲನ್ನು ಮಳೆಯಲ್ಲಿ ಬಿಟ್ಟರೆ ಜಂಗು ಹಿಡಿಯುತ್ತದೆ. ಒಲೆಯಲ್ಲಿ ಕಟ್ಟಿಗೆ ಉರಿಯುತ್ತದೆ. ಎರಡರಲ್ಲೂ ಆಮ್ಲಜನಕವು ಎದುರಿನ ವಸ್ತುವಿನಿಂದ ಎಲೆಕ್ಟ್ರಾನ್ ಕಸಿದುಕೊಳ್ಳುತ್ತದೆ. ನಮ್ಮ ಮೈಯೊಳಗೂ ಇದೇ ನಡೆಯುತ್ತದೆ; ಉಂಡ ರೊಟ್ಟಿಯನ್ನು ಜೀವಕೋಶಗಳು ಸಣ್ಣ ಉರಿಯಲ್ಲಿ ಸುಡುವುದರಿಂದಲೇ ನಾವು ಬದುಕಿದ್ದೇವೆ. ಆದರೆ ಎಲ್ಲ ಒಲೆಯಲ್ಲೂ ಕಿಡಿ ಸಿಡಿಯುವಂತೆ, ಇಲ್ಲಿಯೂ ಒಂದಿಷ್ಟು ಆಮ್ಲಜನಕ ಅರ್ಧ ಕೆಲಸ ಮುಗಿಸಿ ಜಾರಿಕೊಳ್ಳುತ್ತದೆ. ಜೋಡಿ ತಪ್ಪಿದ ಎಲೆಕ್ಟ್ರಾನ್ ಹೊತ್ತ ಇಂಥ ಕಣಗಳೇ ಫ್ರೀ ರ‍್ಯಾಡಿಕಲ್‌ಗಳು. ಎದುರು ಸಿಕ್ಕಿದ್ದರಿಂದ, ಅದು ಕೊಬ್ಬಾಗಲಿ, ಪ್ರೋಟೀನಾಗಲಿ, ಡಿಎನ್‌ಎ ಆಗಲಿ, ಒಂದು ಎಲೆಕ್ಟ್ರಾನ್ ಎಳೆದುಕೊಂಡರೇ ಇವಕ್ಕೆ ಸಮಾಧಾನ. ಇವುಗಳಿಂದಲೇ ಮುಪ್ಪು ಬರುತ್ತದೆ ಎಂಬ ವಾದವನ್ನು ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ಮುಂದಿಟ್ಟರು. ಕಿಡಿಗಳ ಕೈ ಮೇಲಾಗಿ ನಂದಿಸುವ ಶಕ್ತಿ ಸೋಲುವ ಸ್ಥಿತಿಗೆ 'ಆಕ್ಸಿಡೇಟಿವ್ ಸ್ಟ್ರೆಸ್' ಎಂಬ ಹೆಸರು ನೆಲೆಯೂರಿದ್ದು 1985ರಲ್ಲಿ, ಜರ್ಮನಿಯ ಹೆಲ್ಮುಟ್ ಸೀಸ್ ಅವರ ಪುಸ್ತಕದಿಂದ.

ನಂದಿಸುವ ಶಕ್ತಿ ಎಂದೆನಲ್ಲ, ಅದನ್ನು ನೀವು ನೋಡಿದ್ದೀರಿ. ಎತ್ತಿನ ಹೆಗಲಿನ ಗಾಯಕ್ಕೋ ಮಗುವಿನ ಮೊಣಕಾಲಿಗೋ ಹೈಡ್ರೋಜನ್ ಪೆರಾಕ್ಸೈಡ್ ಸುರಿದಾಗ ಬುರುಬುರು ನೊರೆ ಏಳುತ್ತದೆ. ಕೀವು ಕುದಿಯುತ್ತಿದೆ ಎಂದು ರೈತರು ನಂಬುತ್ತಾರೆ, ನಾನೂ ಹುಡುಗನಿದ್ದಾಗ ನಂಬಿದ್ದೆ. ವಾಸ್ತವದಲ್ಲಿ ರಕ್ತ ಮತ್ತು ಮಾಂಸದಲ್ಲಿರುವ ಕ್ಯಾಟಲೇಸ್ ಎಂಬ ಕಿಣ್ವ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತಿರುತ್ತದೆ. ನೊರೆಯಲ್ಲಿರುವುದು ಶುದ್ಧ ಆಮ್ಲಜನಕ. ಕ್ಯಾಟಲೇಸ್‌ನ ಒಂದೇ ಅಣು ಒಂದು ಸೆಕೆಂಡಿನಲ್ಲಿ ಲಕ್ಷಾಂತರ ಪೆರಾಕ್ಸೈಡ್ ಅಣುಗಳನ್ನು ಒಡೆಯಬಲ್ಲದು. ಪೆರಾಕ್ಸೈಡ್ ಎನ್ನುವುದು ಹೊರಗಿನ ಬಾಟಲಿಯ ವಸ್ತು ಮಾತ್ರ ಅಲ್ಲ, ನಮ್ಮ ಪ್ರತಿ ಜೀವಕೋಶದಲ್ಲೂ ದಿನವಿಡೀ ಹುಟ್ಟುತ್ತಿರುತ್ತದೆ. ಅದಕ್ಕಾಗಿಯೇ ಕ್ಯಾಟಲೇಸ್ ಅಲ್ಲಿ ಕಾದು ಕೂತಿದೆ. ಅದರ ಜೊತೆಗಾರ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್‌ನ ಕೆಲಸವನ್ನು 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಮೆಕಾರ್ಡ್ ಮತ್ತು ಫ್ರಿಡೋವಿಚ್ ಗುರುತಿಸಿದರು. ಮೂರನೆಯದು ಗ್ಲುಟಾಥಯೋನ್ ಪೆರಾಕ್ಸಿಡೇಸ್; ಅದರ ನಡುವೆ ಸೆಲೆನಿಯಂ ಎಂಬ ಖನಿಜದ ಪರಮಾಣು ಇರುತ್ತದೆ ಎಂದು 1973ರಲ್ಲಿ ತಿಳಿಯಿತು. ಮೈಗೆ ನಿಜವಾದ ಕಾವಲು ಇವೇ. ಇವನ್ನು ದೇಹ ತಾನೇ ತಯಾರಿಸಿಕೊಳ್ಳುತ್ತದೆ, ಯಾವ ಅಂಗಡಿಯಲ್ಲೂ ಕೊಳ್ಳಬೇಕಿಲ್ಲ.

ಕಿಡಿಯೆಲ್ಲ ಕೆಟ್ಟದ್ದು ಎಂದೂ ತಿಳಿಯಬಾರದು. ಬಿಳಿ ರಕ್ತಕಣಗಳು ರೋಗಾಣುವನ್ನು ನುಂಗಿ ಕೊಲ್ಲುವುದೇ ಬೇಕೆಂತಲೇ ಹೊತ್ತಿಸಿದ ಇಂಥ ಕಿಡಿಗಳಿಂದ. ಈ ಕಿಡಿ ಹೊತ್ತಿಸುವ ಶಕ್ತಿ ಇಲ್ಲದೆ ಹುಟ್ಟುವ ಮಕ್ಕಳಿದ್ದಾರೆ. ಒಂದರ ಹಿಂದೊಂದು ಸೋಂಕು ಅವರನ್ನು ಬಿಡದೆ ಕಾಡುತ್ತದೆ.

ಈಗ ಆ ಕೊಟ್ಟಿಗೆಗೆ ಮರಳೋಣ. ಉಳ್ಳಾಗಡ್ಡಿಯನ್ನು ಹೆಚ್ಚುವಾಗ ಕಣ್ಣಲ್ಲಿ ನೀರು ತರಿಸುವ ಗಂಧಕದ ಕುಟುಂಬದ್ದೇ ಇನ್ನಷ್ಟು ವಸ್ತುಗಳು ಅದರಲ್ಲಿವೆ. ಆಕಳ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಅವನ್ನು ಇನ್ನೂ ಉಗ್ರವಾದ ಡೈಸಲ್ಫೈಡ್‌ಗಳಾಗಿ ಮಾರ್ಪಡಿಸುತ್ತವೆ. ಅವು ರಕ್ತಕ್ಕೆ ಸೇರಿ ಕೆಂಪುಕಣದೊಳಗಿನ ಗ್ಲುಟಾಥಯೋನ್ ದಾಸ್ತಾನನ್ನು ಬರಿದು ಮಾಡುತ್ತವೆ. ಕಾವಲು ಮುಗಿದ ಮೇಲೆ ಹಿಮೋಗ್ಲೋಬಿನ್ನಿನ ಸರದಿ. ಅದು ಕೆಟ್ಟು, ಮುದುಡಿ, ಗಂಟಾಗಿ ಕಣದ ಅಂಚಿಗೆ ಅಂಟಿಕೊಳ್ಳುತ್ತದೆ. ನಾನು ಕಂಡ ನೀಲಿ ಎಳ್ಳು ಅದೇ. ಅಂಥ ಕಣಗಳು ಕೆಲವು ರಕ್ತನಾಳದಲ್ಲೇ ಒಡೆಯುತ್ತವೆ, ಕೆಲವನ್ನು ಗುಲ್ಮ ಹೆಕ್ಕಿ ತೆಗೆಯುತ್ತದೆ. ಉಸಿರು ಆಡುತ್ತಿದ್ದರೂ ಆಮ್ಲಜನಕ ಹೊರುವವರಿಲ್ಲದೆ ಪ್ರಾಣಿ ಸೋಲುತ್ತದೆ. ಸಾಕುಪ್ರಾಣಿಗಳಲ್ಲಿ ದನ ಮತ್ತು ಬೆಕ್ಕು ಇದಕ್ಕೆ ಬೇಗ ಬಲಿಯಾಗುತ್ತವೆ, ನಾಯಿಯೂ ಅಷ್ಟೇ. ಕುರಿ ಆಡುಗಳು ತುಸು ಗಟ್ಟಿ. ಬೇಯಿಸಿದರೂ ಪುಡಿ ಮಾಡಿದರೂ ಈ ವಿಷ ಹೋಗುವುದಿಲ್ಲ. ಉಳಿದ ಸಾರು, ಗ್ರೇವಿಯನ್ನು ಪ್ರೀತಿಯಿಂದ ನಾಯಿಯ ತಟ್ಟೆಗೆ ಸುರಿಯುವವರು ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಬಹಳ ಮಂದಿ ಇದ್ದಾರೆ. ದಯವಿಟ್ಟು ಬೇಡ.

ಉಳಿದ ಆಕಳಿಗೆ ಅವತ್ತು ಅದೇ ಮನೆಯ ಎತ್ತಿನ ಕೊರಳ ನರದಿಂದ ಮೂರು ಲೀಟರ್ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಸಿಟ್ರೇಟ್ ಬೆರೆಸಿ ಏರಿಸಿದೆ. ಸಲಾಯಿನ್ ಕೊಟ್ಟೆ, ವಿಟಮಿನ್ ಸಿ ಕೊಟ್ಟೆ. ರಾಶಿಯ ಸುತ್ತ ಮುಳ್ಳುಕಂಟಿ ಹಚ್ಚಿಸಿದೆ. ನಾಲ್ಕನೆಯ ದಿನ ಮೂತ್ರ ತಿಳಿಯಾಯಿತು. ವಿಟಮಿನ್ ಸಿ ಎಷ್ಟು ಸಹಾಯ ಮಾಡಿತೋ ಗೊತ್ತಿಲ್ಲ, ಆದರೆ ಆಕಳನ್ನು ಉಳಿಸಿದ್ದು ಎತ್ತಿನ ರಕ್ತ ಮತ್ತು ಉಳ್ಳಾಗಡ್ಡಿ ನಿಂತದ್ದು.

ಮೇವಿನ ಕಡೆಯಿಂದ ಇನ್ನೊಂದು ಪಾಠ ಕಲಿತೆ, ಅದು ಎಮ್ಮೆಗಳಿಂದ. ಧಾರವಾಡದ ಪೇಢೆಗೆ ಹಾಲು ಕೊಡುವ ನಮ್ಮ ನಾಡಿನ ಎಮ್ಮೆಗೆ 2021ರಲ್ಲಿ 'ಧಾರವಾಡಿ' ಎಂಬ ಹೆಸರಿನಲ್ಲಿ ರಾಷ್ಟ್ರಮಟ್ಟದ ತಳಿ ಮಾನ್ಯತೆ ಸಿಕ್ಕಿತು. ಅದರ ಹಿಂದೆ ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ಶ್ರಮವಿತ್ತು. ಅರ್ಧಚಂದ್ರದಂತೆ ಬಾಗಿದ ಕೊಂಬು, ಕಡಿಮೆ ಮೇವಿನಲ್ಲೂ ಸಂಭಾಳಿಸುವ ಗುಣ. ಆದರೆ ಎಂಥ ಸಂಭಾಳಿಸುವ ಎಮ್ಮೆಗೂ ಏಪ್ರಿಲ್, ಮೇ ಕಷ್ಟ. ಕರಿ ಚರ್ಮ, ಬೆವರುವ ಗ್ರಂಥಿಗಳು ಕಡಿಮೆ. ಕೆರೆಯಲ್ಲಿ ಮೂಗಿನ ತನಕ ಮುಳುಗಿ ಕೂರುವುದು ಅದಕ್ಕೆ ಸುಖವಲ್ಲ, ಅಗತ್ಯ. ಮೈ ಕಾದಷ್ಟೂ ಒಳಗೆ ಕಿಡಿ ಹೆಚ್ಚುತ್ತದೆ. ಅದೇ ಕಾಲಕ್ಕೆ ಗೋದಲಿಯಲ್ಲಿ ಇರುವುದು ಜೋಳದ ಒಣ ಕಣಕಿ ಮಾತ್ರ. ಹಸಿರು ಹುಲ್ಲಿನಲ್ಲಿ ವಿಟಮಿನ್ ಇ ಮತ್ತು ಬೀಟಾ ಕ್ಯಾರೊಟಿನ್ ತುಂಬಿರುತ್ತವೆ. ಬಿಸಿಲಿಗೆ ಒಣಗಿ, ಬಣವಿಯಲ್ಲಿ ತಿಂಗಳುಗಟ್ಟಲೆ ಕೂತ ಮೇವಿನಲ್ಲಿ ಅವುಗಳ ಬಹುಪಾಲು ಹೋಗಿಬಿಟ್ಟಿರುತ್ತದೆ. ಕಣಕಿಯ ಹಸಿರು ಹೋಗಿ ಬೂದು ಬಂದಾಗ ಬಣ್ಣದ ಜೊತೆ ಏನೇನು ಹೋಯಿತು ಎಂದು ರೈತರನ್ನು ಬಣವಿಯ ಮುಂದೆ ನಿಲ್ಲಿಸಿ ತೋರಿಸುತ್ತಿದ್ದೆ.

ಆ ತಿಂಗಳುಗಳಲ್ಲಿ ಈದ ಎಮ್ಮೆಗಳ ಮನೆಯಿಂದ ಹೆಚ್ಚಾಗಿ ಬರುತ್ತಿದ್ದ ಕರೆ ಒಂದೇ: "ಕಸ ಬಿದ್ದಿಲ್ರಿ." ಈದ ಕೆಲವು ತಾಸಿನೊಳಗೆ ಬೀಳಬೇಕಾದ ಮಾಸು ಒಳಗೇ ಉಳಿದು ಕೊಳೆಯುವ ತೊಂದರೆ ಅದು. ಕಾರಣಗಳು ಹಲವು, ಅವುಗಳಲ್ಲಿ ಒಂದು ಈ ಕೊರತೆ. ಮಾಸನ್ನು ಗರ್ಭಕೋಶದಿಂದ ಬಿಡಿಸುವ ಕೆಲಸದಲ್ಲಿ ಬಿಳಿ ರಕ್ತಕಣಗಳ ಪಾಲಿದೆ. ತಾವೇ ಹೊತ್ತಿಸಿದ ಕಿಡಿಯಿಂದ ತಾವು ಸುಡದಂತೆ ಅವುಗಳನ್ನು ಕಾಯುವುದು ವಿಟಮಿನ್ ಇ ಮತ್ತು ಸೆಲೆನಿಯಂ. ಕೆಚ್ಚಲು ಬಾವಿನ ವಿರುದ್ಧ ಹೋರಾಡುವವೂ ಅವೇ ಕಣಗಳು. ಕೊರತೆ ಇರುವ ಹಿಂಡಿಗೆ ಈಯುವ ಮೊದಲು ಇವೆರಡನ್ನೂ ಕೊಟ್ಟರೆ ಈ ತೊಂದರೆಗಳು ಇಳಿಯುತ್ತವೆ ಎಂದು ಹೊರದೇಶಗಳಲ್ಲಿ 1970, 80ರ ದಶಕಗಳಲ್ಲೇ ಕಂಡುಕೊಂಡರು. ಕೊರತೆ ಇಲ್ಲದ ಹಿಂಡಿಗೆ ಕೊಟ್ಟರೆ ಹೇಳಿಕೊಳ್ಳುವಂಥ ಲಾಭವಿಲ್ಲ. ಸೆಲೆನಿಯಂ ಹೆಚ್ಚಾದರಂತೂ ಅದೇ ವಿಷ: ಪಂಜಾಬಿನ ಹೋಷಿಯಾರ್‌ಪುರ, ನವಾನ್‌ಶಹರ ಕಡೆ ಮಣ್ಣಿನಲ್ಲೇ ಸೆಲೆನಿಯಂ ಅತಿಯಾಗಿದ್ದು, ಅಲ್ಲಿ ಬೆಳೆದ ಮೇವು ತಿಂದ ದನಗಳ ಕೂದಲು ಉದುರಿ ಗೊರಸು ಕಳಚಿದ್ದು ದಾಖಲಾಗಿದೆ. ಚೀನಾದ ಕೆಶಾನ್ ಕೌಂಟಿಯಲ್ಲಿ ಇದರ ತದ್ವಿರುದ್ಧ: ಮಣ್ಣಿನಲ್ಲಿ ಸೆಲೆನಿಯಂ ಇಲ್ಲದೆ ಮಕ್ಕಳ, ಹೆಂಗಸರ ಹೃದಯ ಸೋಲುತ್ತಿತ್ತು. ಒಂದು ಖನಿಜಕ್ಕೆ ಎರಡು ಮುಖ.

ಇಂಜೆಕ್ಷನ್ ಕೊಡುತ್ತಿದ್ದೆ, ನಿಜ. ಆದರೆ ಬಾವಿ ನೀರಿದ್ದವರಿಗೆ ಎರಡು ಮಡಿ ಕುದುರೆಮಸಾಲೆ ಹಸಿಮೇವು ಹಾಕಿಕೊಳ್ಳಿ ಎಂದು ಹೇಳಿದ್ದೇ ಹೆಚ್ಚು ಕೆಲಸ ಮಾಡಿತು.

ವಿಟಮಿನ್ ಇ ಮಾಡುವ ಕೆಲಸವನ್ನು ಅಡುಗೆಮನೆಯಲ್ಲೇ ನೋಡಬಹುದು. ನಮ್ಮ ಕಡೆ ಹಿಂಗಾರಿ ಜೋಳದ ಸಾಲುಗಳ ನಡುವೆ ಕುಸುಬಿ ಬಿತ್ತುತ್ತಿದ್ದರು. ಗಾಣದ ಕುಸುಬಿ ಎಣ್ಣೆ ಮನೆಮನೆಯಲ್ಲಿತ್ತು. ಆ ಎಣ್ಣೆಯ ಮುಕ್ಕಾಲು ಭಾಗದಷ್ಟು ಲಿನೊಲಿಕ್ ಆಮ್ಲ, ಅಂದರೆ ಆಮ್ಲಜನಕ ಸುಲಭವಾಗಿ ಕೈ ಹಾಕಬಲ್ಲ ಕೊಬ್ಬು. ನಮ್ಮವ್ವ ಆ ಎಣ್ಣೆಯನ್ನು ಹಿತ್ತಾಳೆ ಪಾತ್ರೆಯಲ್ಲಿ ಇಡಲು ಬಿಡುತ್ತಿರಲಿಲ್ಲ, ಬಿಸಿಲು ಬೀಳುವ ಕಿಡಕಿಯಲ್ಲಿ ಇಡಲೂ ಬಿಡುತ್ತಿರಲಿಲ್ಲ. ಹಾಗಿಟ್ಟರೆ ಕೆಲವೇ ದಿನದಲ್ಲಿ ಕಮಟು ವಾಸನೆ. ತಾಮ್ರದ ಅಂಶ ಮತ್ತು ಬೆಳಕು ಎರಡೂ ಉತ್ಕರ್ಷಣವನ್ನು ಚುರುಕುಗೊಳಿಸುತ್ತವೆ ಎಂಬುದು ಅವಳಿಗೆ ಮೂಗಿನಿಂದ ಗೊತ್ತಿತ್ತು. ಎಣ್ಣೆಯ ಒಂದು ಅಣು ಕೆಟ್ಟರೆ ಅದು ಪಕ್ಕದ್ದನ್ನು ಕೆಡಿಸುತ್ತದೆ, ಪಕ್ಕದ್ದು ಅದರಾಚೆಯದನ್ನು. ಕುಸುಬಿಯಲ್ಲೇ ಇರುವ ವಿಟಮಿನ್ ಇ ಈ ಸಾಲಿನ ನಡುವೆ ನಿಂತು, ಕಿಡಿಯನ್ನು ತಾನು ಹೀರಿ ಸರಪಳಿ ಕಡಿಯುತ್ತದೆ. ನಮ್ಮ ಜೀವಕೋಶಗಳ ಹೊರಪದರವೂ ಇಂಥ ಕೊಬ್ಬಿನದೇ. ಎಮ್ಮೆಯ ಬಿಳಿಕಣದಲ್ಲೂ ನನ್ನ ಹೃದಯದಲ್ಲೂ ವಿಟಮಿನ್ ಇ ಮಾಡುವುದು ಗಾಣದ ಎಣ್ಣೆಯಲ್ಲಿ ಮಾಡುವ ಕೆಲಸವನ್ನೇ. ಕಿಡಿ ಹೀರಿ ಸೋತ ವಿಟಮಿನ್ ಇ ಯನ್ನು ಮತ್ತೆ ಸಜ್ಜುಗೊಳಿಸುವುದು ವಿಟಮಿನ್ ಸಿ.

ವಿಟಮಿನ್ ಸಿ ಯ ಕತೆಯಲ್ಲಿ ಮೆಣಸಿನಕಾಯಿ ಬರುತ್ತದೆ, ಬ್ಯಾಡಗಿಯ ನೆರೆಯವನಾದ ನನಗೆ ಅದು ಯಾವಾಗಲೂ ಸಂತೋಷದ ಸಂಗತಿ. ಹಂಗೇರಿಯ ಆಲ್ಬರ್ಟ್ ಸೆಂಟ್-ಜ್ಯಾರ್ಜಿ ಆ ವಸ್ತುವನ್ನು ಹೇರಳವಾಗಿ ಬೇರ್ಪಡಿಸಿದ್ದು ಸೆಗೆಡ್ ಎಂಬ ಮೆಣಸಿನಕಾಯಿ ಊರಿನಲ್ಲಿ, ಹಸಿ ಪ್ಯಾಪ್ರಿಕಾದಿಂದ. 1937ರಲ್ಲಿ ಅವರಿಗೆ ನೊಬೆಲ್ ಬಂತು. ಒಣಗಿದ ಕಾಯಿಯಲ್ಲಿ ಸಿ ಬಹುಪಾಲು ಉಳಿಯದು, ಆದರೆ ಬ್ಯಾಡಗಿಯ ಕೆಂಪಿಗೆ ಕಾರಣವಾದ ಕ್ಯಾಪ್ಸಾಂಥಿನ್ ಉಳಿಯುತ್ತದೆ; ಅದೂ ಆಂಟಿಆಕ್ಸಿಡೆಂಟೇ. ಖಾರಪುಡಿಯ ಗಾಜಿನ ಭರಣಿಯನ್ನು ಬಿಸಿಲಲ್ಲಿ ಇಟ್ಟು ನೋಡಿ, ಹೊರಮೈಯ ಪುಡಿ ಬಿಳಚಿಕೊಳ್ಳುತ್ತದೆ. ಆಮ್ಲಜನಕದ ಹೊಡೆತಕ್ಕೆ ಬಣ್ಣ ತನ್ನನ್ನು ಒಡ್ಡಿಕೊಂಡ ಗುರುತು ಅದು.

ಇಷ್ಟು ಓದಿದವರಿಗೆ ಅನಿಸುವುದು ಸಹಜ: ಹಾಗಾದರೆ ಇವನ್ನು ಗುಳಿಗೆ ಮಾಡಿ ನುಂಗಿದರಾಯಿತಲ್ಲ? ಜಗತ್ತಿಗೂ ಹಾಗೇ ಅನಿಸಿತ್ತು. ನನ್ನ ಹೆಂಡತಿಯ ಅಣ್ಣನಿಗೂ. ಮೂವತ್ತು ವರ್ಷ ಸಿಗರೇಟು ಸೇದಿದವರು. ಅಮೆರಿಕದಲ್ಲಿರುವ ಅಳಿಯ ಬೀಟಾ ಕ್ಯಾರೊಟಿನ್ ಇದ್ದ ದೊಡ್ಡ ಬಾಟಲಿ ತಂದುಕೊಟ್ಟಿದ್ದ. "ಸಿಗರೇಟಿನ ದೋಷ ಇದು ಕಳೀತದ ಅಂತರೀ ಡಾಕ್ಟರ" ಎಂದರು. ಹೊಟ್ಟೆಯಲ್ಲಿ ಸಂಕಟವಾಯಿತು. ಇದೇ ಆಸೆಯಿಂದ ಫಿನ್ಲೆಂಡಿನಲ್ಲಿ ಸಿಗರೇಟು ಸೇದುವ 29,133 ಗಂಡಸರ ಮೇಲೆ ದೊಡ್ಡ ಪರೀಕ್ಷೆ ನಡೆಸಿದ್ದರು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಕಡಿಮೆ ಅಲ್ಲ, ಹೆಚ್ಚು. ಅಮೆರಿಕದಲ್ಲಿ ನಡೆಯುತ್ತಿದ್ದ ಅಂಥದೇ ಇನ್ನೊಂದು ಪರೀಕ್ಷೆಯನ್ನು ಇದೇ ಕಾರಣಕ್ಕೆ 1996ರಲ್ಲಿ ಅವಧಿಗೆ ಮೊದಲೇ ನಿಲ್ಲಿಸಿದರು. ವಿಟಮಿನ್ ಇ ಗುಳಿಗೆಯನ್ನು ವರ್ಷಗಟ್ಟಲೆ ತಿಂದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಿತ್ತು ಎಂದು 35,000ಕ್ಕೂ ಹೆಚ್ಚು ಜನರ ಮೇಲಿನ ಅಧ್ಯಯನ 2011ರಲ್ಲಿ ಹೇಳಿತು. ಭಾವನವರಿಗೆ ಇದನ್ನೆಲ್ಲ ಕೂತು ವಿವರಿಸಿದೆ. ಬಾಟಲಿ ಅವತ್ತೇ ಬಿಟ್ಟರು. ಸಿಗರೇಟು ಬಿಡಲು ಇನ್ನೂ ಎರಡು ವರ್ಷ ಹಿಡಿಯಿತು, ಬಿಟ್ಟರು.

ದಿನಾ ಮುಂಜಾನೆ ಕರ್ನಾಟಕ ಕಾಲೇಜಿನ ಮೈದಾನದಲ್ಲಿ ನನ್ನ ಜೊತೆ ನಡೆಯುವವರಲ್ಲಿ ಕೆಲವರು ವಾಕಿಂಗ್ ಮುಗಿಸಿ ವಿಟಮಿನ್ ಗುಳಿಗೆ ನುಂಗುತ್ತಾರೆ. ಜರ್ಮನಿಯಲ್ಲಿ 2009ರಲ್ಲಿ ಪ್ರಕಟವಾದ ಪ್ರಯೋಗವೊಂದರ ಬಗ್ಗೆ ಅವರಿಗೆ ಹೇಳುತ್ತಿರುತ್ತೇನೆ. ನಾಲ್ಕು ವಾರ ವ್ಯಾಯಾಮ ಮಾಡಿದ ಯುವಕರಲ್ಲಿ ಇನ್ಸುಲಿನ್‌ನ ಕೆಲಸ ಸುಧಾರಿಸಿತು. ಆದರೆ ವಿಟಮಿನ್ ಸಿ ಮತ್ತು ಇ ಗುಳಿಗೆ ನುಂಗಿದವರಲ್ಲಿ ಆ ಸುಧಾರಣೆ ಕಾಣಲಿಲ್ಲ. ವ್ಯಾಯಾಮ ಎಬ್ಬಿಸುವ ಸಣ್ಣ ಕಿಡಿಯೇ ಮೈಯ ಕಾವಲನ್ನು ಎಚ್ಚರಿಸುತ್ತದೆ. ಗುಳಿಗೆ ಆ ಕಿಡಿಯನ್ನು ಮೊದಲೇ ನಂದಿಸಿತ್ತು.

ಉಳ್ಳಾಗಡ್ಡಿಯ ಗುಟ್ಟೂ ಬಹುಶಃ ಇಲ್ಲೇ ಇದೆ. ಅದರ ಗಂಧಕದ ವಸ್ತುಗಳು, ಕ್ವೆರ್ಸೆಟಿನ್ ಎಂಬ ಬಣ್ಣದ ಅಂಶ, ಇವೆಲ್ಲ ಮೈಗೆ ಹೋದ ಮೇಲೆ ತಾವೇ ಕಿಡಿ ನಂದಿಸುವುದು ಸ್ವಲ್ಪ. ಅವುಗಳ ಪ್ರಮಾಣ ರಕ್ತದಲ್ಲಿ ಅಷ್ಟು ಕಡಿಮೆ. ಅವು ಮಾಡುವುದು ಜೀವಕೋಶವನ್ನು ಸಣ್ಣಗೆ ಚುಚ್ಚುವ ಕೆಲಸ. ಚುಚ್ಚಿದಾಗ ಎನ್‌ಆರ್‌ಎಫ್-2 ಎಂಬ ಪ್ರೋಟೀನ್ ಎಚ್ಚೆತ್ತು, ಗ್ಲುಟಾಥಯೋನ್ ತಯಾರಿಸುವ, ಕಾವಲು ಕಿಣ್ವಗಳನ್ನು ಹೆಚ್ಚಿಸುವ ಜೀನ್‌ಗಳನ್ನು ಚಾಲೂ ಮಾಡುತ್ತದೆ. ಹಲವು ಸೊಪ್ಪು ತರಕಾರಿಗಳ ಒಗರು, ಕಹಿ, ಘಾಟಿನ ಹಿಂದೆ ಇಂಥ ಚುಚ್ಚುವ ವಸ್ತುಗಳಿವೆ. ನನ್ನ ತಟ್ಟೆಯ ಅರ್ಧ ಉಳ್ಳಾಗಡ್ಡಿ ಹೀಗೆ ಚುಚ್ಚಿ ಎಬ್ಬಿಸುತ್ತದೆ. ಆಕಳ ಮುಂದಿನ ಬುಟ್ಟಿಗಟ್ಟಲೆ ಉಳ್ಳಾಗಡ್ಡಿ ಕಾವಲನ್ನೇ ಕೊಂದುಹಾಕಿತು. ಪ್ರಯೋಗಾಲಯದ ಗಾಜಿನ ನಳಿಗೆಯಲ್ಲಿ ಯಾವ ಆಹಾರ ಎಷ್ಟು ಕಿಡಿ ನಂದಿಸುತ್ತದೆ ಎಂದು ಅಳೆದು ಅಂಕ ಕೊಡುವ ಪದ್ಧತಿ ಇತ್ತು. ಮನುಷ್ಯರ ಆರೋಗ್ಯಕ್ಕೂ ಆ ಅಂಕಗಳಿಗೂ ಸಂಬಂಧ ತೋರಿಸಲಾಗದು ಎಂದು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಪಟ್ಟಿಯನ್ನೇ ಹಿಂತೆಗೆದುಕೊಂಡಿತು. ಪೊಟ್ಟಣಗಳ ಮೇಲೆ ಅಂಥ ಅಂಕೆ ಕಂಡರೆ ಅದಕ್ಕೆ ದುಡ್ಡು ಕೊಡಬೇಡಿ.

ಬಾಟಲಿಯಲ್ಲಿರುವುದೆಲ್ಲ ವ್ಯರ್ಥ ಎಂದೂ ಹೇಳಲಾರೆ. ಪ್ಯಾರಾಸಿಟಮಾಲ್ ಅತಿಯಾದಾಗ ಯಕೃತ್ತಿನ ಗ್ಲುಟಾಥಯೋನ್ ಪೂರ್ತಿ ಖರ್ಚಾಗಿ ಯಕೃತ್ತು ಸಾಯತೊಡಗುತ್ತದೆ. ಆಗ ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧ ಕೊಡುತ್ತಾರೆ. ಅದು ಗ್ಲುಟಾಥಯೋನ್ ತಯಾರಿಕೆಗೆ ಬೇಕಾದ ಕಚ್ಚಾವಸ್ತು. ಎಂಟು ತಾಸಿನೊಳಗೆ ಆಸ್ಪತ್ರೆ ಮುಟ್ಟಿದವರು ಬಹುತೇಕ ಬದುಕುತ್ತಾರೆ. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ಒಂದೇ ಗುಳಿಗೆ ಸಾಕು ಪ್ರಾಣ ಹೋಗಲು. ಉಳ್ಳಾಗಡ್ಡಿ ತಿಂದಂತೆಯೇ ಅದರ ಕೆಂಪುಕಣಗಳು ಕೆಡುತ್ತವೆ. ವಯಸ್ಸಿನ ಜೊತೆ ಕಣ್ಣಿನ ಅಕ್ಷಿಪಟಲ ಸವೆಯುವ ಕಾಯಿಲೆ ಒಂದು ಹಂತಕ್ಕೆ ಬಂದವರಿಗೂ ಗೊತ್ತಾದ ಪ್ರಮಾಣದ ಆಂಟಿಆಕ್ಸಿಡೆಂಟ್ ಗುಳಿಗೆಯಿಂದ ಲಾಭ ಕಂಡಿದೆ. ಗೊತ್ತಾದ ರೋಗಕ್ಕೆ, ಗೊತ್ತಾದ ಕೊರತೆಗೆ, ಡಾಕ್ಟರು ಬರೆದುಕೊಟ್ಟರೆ ತಿನ್ನಬೇಕು.

ಮನುಷ್ಯರಲ್ಲೂ ಆ ಆಕಳಂಥವರಿದ್ದಾರೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಕೆಲವರಿಗೆ, ಅದರಲ್ಲೂ ಗಂಡಸರಿಗೆ, ಬಂದಿರುತ್ತದೆ. ಅವರ ಕೆಂಪುಕಣದಲ್ಲಿ ಗ್ಲುಟಾಥಯೋನ್ ಮತ್ತೆ ತುಂಬಿಕೊಳ್ಳುವುದು ನಿಧಾನ. ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ತಿಂದ ಕೆಲವೇ ದಿನದಲ್ಲಿ ಅವರಿಗೂ ಡಿಕಾಕ್ಷನ್ ಬಣ್ಣದ ಮೂತ್ರ, ಅವರ ರಕ್ತದಲ್ಲೂ ಅದೇ ಹೈನ್ಜ್ ಕಾಯಗಳು. ಆ ಗುಳಿಗೆ ಶುರುವಾದ ಮೇಲೆ ಮೂತ್ರದ ಬಣ್ಣ ಹೀಗೆ ಬದಲಾದರೆ ಗುಳಿಗೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಓಡಿ.

ಈಗ ಧಾರವಾಡದಲ್ಲಿ ನಮ್ಮ ಮನೆಯ ಊಟ ಮೊದಲಿನದೇ. ಜೋಳದ ರೊಟ್ಟಿ, ಗುರೆಳ್ಳ ಪುಡಿ, ಹಸಿ ಮೆಂತೆಪಲ್ಲೆ, ಮುಷ್ಟಿಯಿಂದ ಗುದ್ದಿದ ಉಳ್ಳಾಗಡ್ಡಿ, ಒಂದು ಚಮಚ ಕುಸುಬಿ ಎಣ್ಣೆ. ಇದರಲ್ಲಿ ಇ, ಸಿ, ಕ್ಯಾರೊಟಿನ್ ಎಷ್ಟೆಷ್ಟು ಎಂದು ಲೆಕ್ಕ ಹಾಕಲು ಹೋಗುವುದಿಲ್ಲ. ಗವಳಿಗರ ಹುಡುಗ ಹಾಲು ಹಾಕಿ ಹೋಗುವಾಗ ಎಮ್ಮೆಗೆ ಮುಸುರಿ ಒಯ್ಯುತ್ತಾನೆ. ಅವನ ಬಕೀಟಿಗೆ ಸುರಿಯುವ ಮುಂಚೆ ನನ್ನ ಹೆಂಡತಿ ಉಳ್ಳಾಗಡ್ಡಿ ಸಿಪ್ಪೆಯನ್ನು ಬೇರೆ ತೆಗೆದಿಡುತ್ತಾಳೆ.

ಹೋದ ಸುಗ್ಗಿಯಲ್ಲಿ ಆ ನವಲಗುಂದದ ಹಳ್ಳಿಯಿಂದ ಫೋನ್ ಬಂತು. ಆ ರೈತನ ಮಗ. ಮತ್ತೆ ದರ ಬಿದ್ದಿದೆ, ಮತ್ತೆ ರಾಶಿ ಕೂತಿದೆ.

"ಸಾಹೇಬ್ರ, ನೀವು ಅಪ್ಪಗ ಹೇಳಿದ್ದು ನೆನಪೈತ್ರಿ. ಆದ್ರ ಎಲ್ಲಾ ತಿಪ್ಪಿಗೆ ಹಾಕಾಕ ಮನಸ ಬರವಲ್ದು. ದನಕ್ಕ ಒಂದೀಟರ ಹಾಕಬಹುದೇನ್ರಿ?"

ಗಬ್ಬದ ಆಕಳಿಗೆ ಒಂದು ಗಡ್ಡೆಯೂ ಬೇಡ ಎಂದೆ. ಕೊಳೆತದ್ದು ಯಾವುದಕ್ಕೂ ಬೇಡ. ಉಳಿದ ದನಕ್ಕೆ ಹಾಕಲೇಬೇಕೆಂದರೆ ಹೆಚ್ಚಿ, ಕಣಕಿಯ ಜೊತೆ ಬೆರೆಸಿ, ದಿನಕ್ಕೆ ಎರಡು ಹಿಡಿ ಮೀರದಂತೆ, ಅದೂ ಮೂತ್ರದ ಬಣ್ಣ ನೋಡುತ್ತಾ. ಕುರಿಗಳಿದ್ದರೆ ಅವಕ್ಕೆ ತುಸು ಹೆಚ್ಚು ನಡೆಯುತ್ತದೆ, ಅವನ್ನೂ ರಾಶಿಗೆ ಬಿಡಬಾರದು.

"ಆ ಕೆಂದ ಆಕಳ ಮೊಮ್ಮಗಳು ಮನ್ನೆ ಈದೈತ್ರಿ" ಎಂದ ಫೋನಿಡುವ ಮುಂಚೆ. "ಹೆಣ್ಣ ಕರ. ಕಸಾನೂ ಮೂರ ತಾಸಿನ್ಯಾಗ ಬಿತ್ರಿ."

ಮೇವು ಏನು ಹಾಕುತ್ತೀ ಎಂದು ಕೇಳಿದೆ.

"ಕಣಕಿ ಐತ್ರಿ. ಬಾವಿ ಮಗ್ಗಲಕ ಎರಡ ಮಡಿ ಕುದರಿಮಸಾಲಿ ಐತ್ರಿ, ಅಪ್ಪ ಹಚ್ಚಿದ್ದು."